ಟಿಂಚರ್ ಅಂದರೆ ಬಣ್ಣವೋ, ಮದ್ದೋ?

ಪ್ರಶ್ನೆ: ಗಾಯಕ್ಕೆ ಹಚ್ಚುವ ಕೆಂಪು ಔಷಧಕ್ಕೆ ನಮ್ಮ ಕಡೆ ‘ಟಿಂಚರ್’ ಎನ್ನುತ್ತಾರೆ. ಹೋಮಿಯೋಪಥಿಯವರು ‘ಮದರ್ ಟಿಂಕ್ಚರ್’ ಕೊಡುತ್ತಾರೆ. ಆದರೆ ಇಂಗ್ಲಿಷ್ ನಿಘಂಟು ತೆರೆದರೆ ಬಣ್ಣ, ಛಾಯೆ ಎಂಬ ಅರ್ಥಗಳೂ ಇವೆ. ಬಟ್ಟೆಯ ಬಣ್ಣಕ್ಕೂ ಬಾಟಲಿಯ ಮದ್ದಿಗೂ ಒಂದೇ ಶಬ್ದ ಹೇಗೆ ಬಂತು? ಇನ್ನೊಂದು ವಿಷಯ. ಮನೆಯಲ್ಲೇ ಅರಿಶಿನದ ಟಿಂಚರ್ ಮಾಡೋಣವೆಂದು ಅರಿಶಿನ ಪುಡಿಯನ್ನು ಗೇರು ಫೆನಿಯಲ್ಲಿ ಒಂದು ವಾರ ನೆನೆಹಾಕಿದೆ. ನೀರು ಬೆರೆಸಿದ ಕೂಡಲೇ ಕದಡಿಹೋಯಿತು, ತಳದಲ್ಲಿ ಗಸಿ ಕೂತಿತು. ಅದೇ ದ್ರವದಲ್ಲಿ ಅದ್ದಿದ ಬಿಳಿ ಪಂಚೆ ಸೋಪು ತಾಗುತ್ತಲೇ ಕೆಂಪಾಯಿತು. ತಪ್ಪಿದ್ದೆಲ್ಲಿ?
– ಓದುಗರು, ಸದಾಶಿವಗಡ, ಕಾರವಾರ

ಉತ್ತರ: ಎರಡು ಅರ್ಥಗಳೂ ಸರಿ. ಆದರೆ ಬಣ್ಣ ಮೊದಲು ಬಂದದ್ದು, ಮದ್ದು ಆಮೇಲೆ. ಲ್ಯಾಟಿನ್ನಿನ ‘ಟಿಂಗೆರೆ’ ಎಂಬ ಕ್ರಿಯಾಪದಕ್ಕೆ ಅದ್ದು, ತೋಯಿಸು, ಅದ್ದಿ ಬಣ್ಣ ಹಿಡಿಸು ಎಂಬ ಅರ್ಥಗಳಿವೆ. ಅದರಿಂದ ‘ಟಿಂಕ್ಟೂರಾ’, ಅಂದರೆ ಬಣ್ಣ ಹಾಕುವ ಕೆಲಸ. 1400ರ ಆಸುಪಾಸಿನಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಬಣ್ಣ, ಬಣ್ಣದ ದ್ರವ್ಯ ಎಂದಷ್ಟೇ ಅದರ ಅರ್ಥ. ಮದ್ಯಸಾರದಲ್ಲಿ ಸಾರ ಇಳಿಸಿದ ಔಷಧ ಎಂಬ ಅರ್ಥ ಕಾಣಿಸಿಕೊಳ್ಳುವುದು 17ನೇ ಶತಮಾನದ ನಡುಭಾಗದಲ್ಲಿ.

ಇದರ ದಾಯಾದಿಗಳು ಇಂಗ್ಲಿಷಿನಲ್ಲಿ ಇನ್ನೂ ಇದ್ದಾರೆ. ಟಿಂಟ್, ಟಿಂಜ್ ನೇರ ಅದೇ ಮನೆಯವು. ಸ್ಟೇನ್, ಟೇಂಟ್ ಎಂಬವುಗಳಲ್ಲೂ ಅದರ ಪಾಲಿದೆ. ಸ್ಪೇನಿನವರ ‘ಟಿಂಟೊ’ ಕೆಂಪು ವೈನ್, ಜರ್ಮನರ ‘ಟಿಂಟೆ’ ಶಾಯಿ. ವೆನಿಸ್ಸಿನ ಚಿತ್ರಕಾರ ಟಿಂಟೊರೆಟ್ಟೊ ಬಣ್ಣಗಾರನ ಮಗ, ಆ ಹೆಸರಿಗೆ ‘ಪುಟ್ಟ ಬಣ್ಣಗಾರ’ ಎಂದೇ ಅರ್ಥ. ಇಂಗ್ಲಿಷಿನ ‘ಇಂಕ್’ ಮಾತ್ರ ಈ ಬಳಗದ್ದಲ್ಲ, ಅದು ಗ್ರೀಕಿನ ಬೇರೊಂದು ಪದದಿಂದ ಬಂದದ್ದು. ಹಲವರು ಇಲ್ಲಿ ಎಡವುತ್ತಾರೆ.

ಬಣ್ಣದಿಂದ ಮದ್ದಿಗೆ ದಾರಿ ಮಾಡಿಕೊಟ್ಟವರು ರಸವಾದಿಗಳು. ಸೀಸ, ತಾಮ್ರಗಳಿಗೆ ಚಿನ್ನದ ಬಣ್ಣ ಹಿಡಿಸಿ ಅವನ್ನೇ ಚಿನ್ನವಾಗಿಸುವ ಒಂದು ಸಾರ ಇದೆಯೆಂದು ಅವರು ನಂಬಿದ್ದರು. ಆ ಸಾರಕ್ಕೆ ಟಿಂಕ್ಚರ್ ಎಂದು ಹೆಸರು. ನಮ್ಮ ರಸಶಾಸ್ತ್ರದಲ್ಲೂ ಪಾರದದ (ಪಾದರಸದ) ಹದಿನೆಂಟು ಸಂಸ್ಕಾರಗಳಲ್ಲಿ ‘ರಂಜನ’ ಒಂದು, ಅಂದರೆ ಬಣ್ಣ ಹಿಡಿಸುವುದು. ಪ್ಯಾರಾಸೆಲ್ಸಸ್ (1493–1541) ಮತ್ತು ಅವನ ಹಿಂದೆ ಬಂದವರು ರಸವಾದದ ಗುರಿಯನ್ನು ಚಿನ್ನದಿಂದ ಔಷಧದ ಕಡೆಗೆ ತಿರುಗಿಸಿದರು. ಗಿಡದ ‘ಸತ್ವ’ವನ್ನು ದ್ರವಕ್ಕೆ ಇಳಿಸುವುದು ಅವರ ಕೆಲಸವಾಯಿತು. ಸತ್ವ ಇಳಿದಿದೆ ಎಂಬುದಕ್ಕೆ ಅವರ ಬಳಿ ಇದ್ದ ಕಣ್ಣಿನ ಸಾಕ್ಷಿ ಒಂದೇ: ದ್ರವಕ್ಕೆ ಬಣ್ಣ ಬಂತೇ ಎಂಬುದು. ಹಾಗಾಗಿ ಬಣ್ಣ ಬಂದ ದ್ರವವೇ ಟಿಂಕ್ಚರ್.

ಹಳೆಯ ವ್ಯಾಪಾರದಲ್ಲಿ ‘ಡ್ರಗ್’ ಕೂಡ ಹೀಗೇ ಅಗಲವಾದ ಪದವಾಗಿತ್ತು. ಔಷಧಿ, ರಾಳ, ಮಸಾಲೆ, ಬಣ್ಣದ ಬೇರು ಎಲ್ಲವೂ ಅದರೊಳಗೆ ಬರುತ್ತಿದ್ದವು. ಇಂಗ್ಲಿಷರ ಕೋರ್ಟೀನ್ ವ್ಯಾಪಾರಿ ಸಂಘ ಕಾರವಾರದಲ್ಲಿ ಕೋಠಿ ಹಾಕಿದ್ದು 1638ರಲ್ಲಿ, ಟಿಂಕ್ಚರ್‌ಗೆ ಔಷಧದ ಅರ್ಥ ಅಂಟುತ್ತಿದ್ದ ಕಾಲಕ್ಕೆ. ಆಗಿನ ಸರಕಿನವರಿಗೆ ಬಣ್ಣ ಬೇರೆ, ಮದ್ದು ಬೇರೆ ಎಂಬ ಗೋಡೆ ಇರಲಿಲ್ಲ. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಆ ಗೋಡೆ ಈಗಲೂ ಇಲ್ಲ. ಅಣಲೆಕಾಯಿ, ಸ್ಫಟಿಕ (ಪಟಿಕ, ಆಲಂ), ಮಂಜಿಷ್ಠ, ಅರಿಶಿನ, ಕಾಚು, ಕಾವಿಕಲ್ಲು ಎಲ್ಲ ಒಂದೇ ಕಪಾಟಿನ ಡಬ್ಬಗಳಲ್ಲಿ ಕೂತಿರುತ್ತವೆ. ಇವುಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಒಂದು ಉಪಯೋಗ ಬಟ್ಟೆಗೆ ಅಥವಾ ಗೋಡೆಗೆ, ಇನ್ನೊಂದು ಹೊಟ್ಟೆಗೆ ಅಥವಾ ಚರ್ಮಕ್ಕೆ. ಕರಾವಳಿಯ ಹಳೆಯ ದೇವಸ್ಥಾನಗಳ ಸುಣ್ಣದ ಗೋಡೆಯಲ್ಲಿ ಕಾವಿ ಚಿತ್ರಗಳ ಕೆಂಪು ಯಾವ ಬಗೆಯ ಮಣ್ಣಿನದೋ, ಆಯುರ್ವೇದದ ‘ಗೈರಿಕ’ವೂ ಅದೇ ಬಗೆಯ ಕಬ್ಬಿಣದ ಕೆಮ್ಮಣ್ಣು.

ಇಂಗ್ಲಿಷಿನ ಈ ಜೋಡಿ ಅರ್ಥ ವಿಚಿತ್ರವೆನಿಸಿದರೆ ‘ಕಷಾಯ’ವನ್ನು ನೋಡಿ. ಸಂಸ್ಕೃತದಲ್ಲಿ ಆ ಪದಕ್ಕೆ ಒಗರು ರುಚಿ, ಕುದಿಸಿ ಬತ್ತಿಸಿದ ಮದ್ದು, ಕಂದುಗೆಂಪು ಬಣ್ಣ ಎಂಬ ಮೂರೂ ಅರ್ಥಗಳಿವೆ. ಸನ್ಯಾಸಿಯ ಬಟ್ಟೆ ‘ಕಾಷಾಯ’ವಾದದ್ದು ಅದರಿಂದಲೇ. ಬೌದ್ಧರ ‘ವಿನಯ’ ಎಂಬ ನಿಯಮಗ್ರಂಥದಲ್ಲಿ ಭಿಕ್ಷುಗಳ ಚೀವರಕ್ಕೆ (ಉಡುವ ಬಟ್ಟೆಗೆ) ಬೇರು, ಕಾಂಡ, ತೊಗಟೆ, ಎಲೆ, ಹೂ, ಹಣ್ಣುಗಳಿಂದ ತೆಗೆದ ಬಣ್ಣಗಳಿಗೆ ಒಪ್ಪಿಗೆಯಿದೆ. ಆ ಬಣ್ಣ ತೆಗೆಯುವುದು ಕುದಿಸಿಯೇ. ಒಗರು, ಬಣ್ಣ, ಮದ್ದು ಮೂರಕ್ಕೂ ಕಾರಣ ಒಂದೇ ರಾಸಾಯನಿಕ ಗುಂಪು, ಟ್ಯಾನಿನ್. ಅದು ನಾಲಿಗೆಯ ಪ್ರೋಟೀನಿಗೆ ಅಂಟಿದರೆ ಒಗರು, ನೂಲಿಗೆ ಅಂಟಿದರೆ ಬಣ್ಣ, ಸಡಿಲಾದ ಕರುಳಿನ ಒಳಪದರಕ್ಕೆ ಅಂಟಿದರೆ ಭೇದಿಗೆ ತಡೆ. ಕಾಚಿನ ಟಿಂಕ್ಚರ್ ಭೇದಿಗೆ ಕೊಡುವ ಔಷಧವಾಗಿತ್ತು; ಅದೇ ಕಾಚಿನಲ್ಲಿ ಹತ್ತಿಯ ಮೀನುಬಲೆಗಳನ್ನೂ ಹಾಯಿಬಟ್ಟೆಗಳನ್ನೂ ಅದ್ದಿ, ಉಪ್ಪುನೀರಿಗೆ ಕೊಳೆಯದಂತೆ ಗಟ್ಟಿ ಮಾಡುತ್ತಿದ್ದರು. ನೈಲಾನ್ ಬಂದ ಮೇಲೆ ಆ ಕೆಲಸ ನಿಂತಿತು. ಶಿರಸಿ ಕಡೆಯ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ ಹುರಿದು ಹಾಲು ಬೆಲ್ಲ ಹಾಕಿ ಕುಡಿಯುವ ಕಷಾಯದಲ್ಲಿ ಒಗರೂ ಇಲ್ಲ, ರೋಗವೂ ಇಲ್ಲ. ಪದಗಳು ಹೀಗೇ ಜಾರುತ್ತಾ ಹೋಗುತ್ತವೆ.

ಈಗ ಬಾಟಲಿಗೆ ಬರೋಣ. ಔಷಧಶಾಸ್ತ್ರದಲ್ಲಿ ಟಿಂಕ್ಚರ್ ಎಂದರೆ ಗಿಡಮೂಲಿಕೆಯ ಅಥವಾ ರಾಸಾಯನಿಕದ ಸಾರವನ್ನು ಮದ್ಯಸಾರದಲ್ಲಿ, ಇಲ್ಲವೇ ಮದ್ಯಸಾರ ಮತ್ತು ನೀರಿನ ಮಿಶ್ರಣದಲ್ಲಿ ಇಳಿಸಿದ ದ್ರವ. ಆವಿಯಾಗುವ ವಸ್ತುವನ್ನು, ಉದಾಹರಣೆಗೆ ಕರ್ಪೂರವನ್ನು, ಮದ್ಯಸಾರದಲ್ಲಿ ಕರಗಿಸಿದರೆ ಅದಕ್ಕೆ ‘ಸ್ಪಿರಿಟ್’ ಎನ್ನುತ್ತಾರೆ, ಟಿಂಕ್ಚರ್ ಅಲ್ಲ. ಅಯೋಡಿನ್ ಆವಿಯಾಗುವ ವಸ್ತುವೇ ಆದರೂ ಹಳೆಯ ರೂಢಿಯಿಂದ ಅದಕ್ಕೆ ಟಿಂಕ್ಚರ್ ಎಂಬ ಹೆಸರು ಉಳಿದಿದೆ. ಭಟ್ಟಿ ಇಳಿಸಿದರೆ ಅದು ಅರ್ಕ. ಓಮಿನ ಅರ್ಕಕ್ಕೆ ಬಣ್ಣವಿಲ್ಲ, ಏಕೆಂದರೆ ಬಣ್ಣದ ಕಣಗಳು ಆವಿಯೊಂದಿಗೆ ಮೇಲೇರುವುದಿಲ್ಲ; ಓಮನ್ನೇ ಮದ್ಯಸಾರದಲ್ಲಿ ನೆನೆಸಿ ಸೋಸಿದರೆ ಕಂದು ಬಣ್ಣ ಬರುತ್ತದೆ. ಆಸವ, ಅರಿಷ್ಟಗಳಲ್ಲಿ ಮದ್ಯಸಾರವನ್ನು ಹೊರಗಿನಿಂದ ಹಾಕುವುದಿಲ್ಲ. ಬೆಲ್ಲ ಮತ್ತು ಧಾತಕಿ ಹೂವಿನೊಂದಿಗೆ ಹುಳಿಯಲು ಬಿಟ್ಟಾಗ ಒಳಗೇ ಹುಟ್ಟುತ್ತದೆ, ಸಾಮಾನ್ಯವಾಗಿ ಶೇ. 5ರಿಂದ 10. ಆ ಧಾತಕಿ ಹೂವೂ ಕೆಂಪು ಬಣ್ಣ ತೆಗೆಯುವ ಹೂವೇ.

ಬಣ್ಣ ಇದ್ದರೇ ಮದ್ದಿಗೆ ಬೆಲೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಅಧಿಕೃತ ಔಷಧಕೋಶದ ಏಲಕ್ಕಿ ಟಿಂಕ್ಚರ್‌ಗೇ (ಹಳೆಯ ಕಂಪೌಂಡರುಗಳ ಬಾಯಲ್ಲಿ ‘ಕಾರ್ಡ್ ಕೋ’) ಏಲಕ್ಕಿ, ಶಾಜೀರಿಗೆ, ದಾಲ್ಚಿನ್ನಿಗಳ ಜೊತೆ ಕೊಚಿನೀಲ್ ಎಂಬ ಹುಳದ ಪುಡಿ ಸೇರಿಸುತ್ತಿದ್ದರು. ಮೆಕ್ಸಿಕೋದ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಹುಳ ಅದು. ಈ ಟಿಂಕ್ಚರ್ ಕೊಡುತ್ತಿದ್ದದ್ದು ಹೊಟ್ಟೆಯ ವಾಯುವಿಗೆ; ಅದಕ್ಕೆ ಹುಳದಿಂದ ಏನೂ ಆಗುವುದಿಲ್ಲ, ಬರೀ ಕೆಂಪಿಗಾಗಿ. ಏಲಕ್ಕಿಗೆ ತನ್ನದೇ ಗಾಢ ಬಣ್ಣವಿಲ್ಲವಲ್ಲ!

ಬಣ್ಣವೇ ಮದ್ದಾದ ಉದಾಹರಣೆಗಳೂ ಇವೆ, ಮತ್ತು ಆ ಕಥೆ ಇನ್ನೂ ಸ್ವಾರಸ್ಯದ್ದು. 1856ರಲ್ಲಿ ವಿಲಿಯಂ ಪರ್ಕಿನ್ ಮಲೇರಿಯಾದ ಮದ್ದಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಕೃತಕ ಬಣ್ಣಗಳ ಉದ್ದಿಮೆ ಅಲ್ಲಿಂದ ಶುರು. ಅದೇ ಉದ್ದಿಮೆಯಿಂದ ಬಂದ ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನು ಪಾಲ್ ಎರ್ಲಿಖ್ 1891ರಲ್ಲಿ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಬಾಯಿಹುಣ್ಣಿಗೆ ಹಚ್ಚುವ ‘ನೀಲಿ ಔಷಧ’ ಜೆನ್ಷಿಯನ್ ವಯೊಲೆಟ್ ಕೂಡ ಬಟ್ಟೆಯ ಬಣ್ಣವೇ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1935ರಲ್ಲಿ ಪ್ರಕಟಿಸಿದ ಪ್ರೊಂಟೊಸಿಲ್ ಇಟ್ಟಿಗೆಗೆಂಪಿನ ಬಣ್ಣ; ಸೋಂಕುಗಳ ವಿರುದ್ಧ ಗೆದ್ದ ಮೊದಲ ಸಲ್ಫಾ ಔಷಧ. ಆದರೆ ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ತೋರಿಸಿಕೊಟ್ಟದ್ದು ಬೇರೆಯೇ. ದೇಹದೊಳಗೆ ಪ್ರೊಂಟೊಸಿಲ್ ಒಡೆದು ಸಲ್ಫನಿಲಮೈಡ್ ಎಂಬ ವಸ್ತು ಬರುತ್ತದೆ, ಕೆಲಸ ಮಾಡುವುದು ಅದು, ಅದಕ್ಕೆ ಬಣ್ಣವೇ ಇಲ್ಲ. ಆ ಕೆಂಪನ್ನು ನೋಡಿ ಮದ್ದಿನ ಶಕ್ತಿ ಅಳೆಯಹೊರಟಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತಿತ್ತು.

ನಿಮ್ಮ ಮನೆಯ ‘ಕೆಂಪು ಟಿಂಚರ್’ಗೂ ಈ ಮಾತು ಅನ್ವಯ. ಅದು ಬಹುಮಟ್ಟಿಗೆ ಮರ್ಕ್ಯುರೋಕ್ರೋಮ್. ನೀರಿನಲ್ಲಿ ಕರಗಿಸಿದ ಪಾದರಸಯುಕ್ತ ಬಣ್ಣ, ಟಿಂಕ್ಚರ್ ಅಲ್ಲವೇ ಅಲ್ಲ. ಅಮೆರಿಕದ ಔಷಧ ಇಲಾಖೆ 1998ರಲ್ಲಿ ಅದನ್ನು ಸುರಕ್ಷಿತ ಮತ್ತು ಪರಿಣಾಮಕಾರಿ ಔಷಧಗಳ ಸಾಲಿನಿಂದ ಹೊರಗಿಟ್ಟಿತು. ಹಳೆಯ ಬಾಟಲಿ ಇದ್ದರೆ ಬಳಸಬೇಡಿ. ಗಾಯದ ಸುತ್ತ ಕೆಂಪು ಏರುತ್ತಿದೆಯೇ, ಕೀವಾಗಿದೆಯೇ ಎಂಬುದನ್ನೇ ಆ ಬಣ್ಣ ಮುಚ್ಚಿಬಿಡುತ್ತದೆ.

ನಿಜವಾದ ಟಿಂಚರ್ ಅಯೋಡಿನ್ನಿನ ಬಣ್ಣ ಕಂದು. ಭಾರತದಲ್ಲಿ ಬಳಕೆಯ ದುರ್ಬಲ ದ್ರಾವಣದಲ್ಲಿ ಲೀಟರಿಗೆ 20 ಗ್ರಾಂ ಅಯೋಡಿನ್, 25 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, ಉಳಿದದ್ದು ಮದ್ಯಸಾರ ಮತ್ತು ನೀರು. ಅಯೋಡೈಡ್ ಏಕೆ? ಅಯೋಡಿನ್ ನೀರಿನಲ್ಲಿ ಕರಗುವುದು ತೀರ ಕಡಿಮೆ. ಬರೀ ಮದ್ಯಸಾರದಲ್ಲಿಟ್ಟರೆ ದಿನ ಕಳೆದಂತೆ ಮದ್ಯಸಾರದೊಂದಿಗೆ ವರ್ತಿಸಿ ಆಮ್ಲವಾಗುತ್ತದೆ, ಚರ್ಮ ಉರಿಸುತ್ತದೆ. ಅಯೋಡೈಡ್ ಅದನ್ನು ಹಿಡಿದಿಟ್ಟು ದ್ರಾವಣವನ್ನು ಸ್ಥಿರವಾಗಿಡುತ್ತದೆ. ಮುಚ್ಚಳ ಸಡಿಲಾದ ಹಳೆಯ ಬಾಟಲಿಯಲ್ಲಿ ಮದ್ಯಸಾರ ಹಾರಿ ಉಳಿದದ್ದು ಗಾಢವಾಗಿರುತ್ತದೆ. ಅದನ್ನು ಹಚ್ಚಿ ಮೇಲೆ ಬಿಗಿಯಾಗಿ ಬ್ಯಾಂಡೇಜ್ ಕಟ್ಟಿದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳಬಹುದು. ಆಸ್ಪತ್ರೆಗಳಲ್ಲಿ ಈಗ ಸಾಮಾನ್ಯವಾಗಿ ಬಳಸುವ ಪೊವಿಡೋನ್ ಅಯೋಡಿನ್ ನೀರಿನಲ್ಲಿ ಕರಗುವ ಬೇರೆ ತಯಾರಿಕೆ. ಬಣ್ಣ ಹೋಲುತ್ತದೆಂದು ಜನ ಅದಕ್ಕೂ ಟಿಂಚರ್ ಎನ್ನುತ್ತಾರೆ.

ಇನ್ನು ನಿಮ್ಮ ಅರಿಶಿನ. ಫೆನಿ ಹೇಗೆ ಸಿಕ್ಕಿತು, ಗೋವಾ ಗಡಿಯ ಮಾಜಾಳಿ ತಪಾಸಣಾ ಗೇಟು ಹೇಗೆ ದಾಟಿತು ಎಂಬುದನ್ನು ಇಲ್ಲಿ ಕೇಳುವುದಿಲ್ಲ. ಬಾಟಲಿಯ ಫೆನಿಯ ಮದ್ಯಸಾರ ಸಾಮಾನ್ಯವಾಗಿ ಶೇ. 42.8, ಉಳಿದದ್ದು ನೀರು. ಅರಿಶಿನದ ಹಳದಿ ವಸ್ತು ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಗಟ್ಟಿ ಮದ್ಯಸಾರದಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ಹಾಗಾಗಿ ಫೆನಿಗೆ ಇಳಿದದ್ದೇ ಅಲ್ಪ. ಅದಕ್ಕೆ ನೀರು ಸೇರಿಸಿದಾಗ ಮದ್ಯಸಾರದ ಪ್ರಮಾಣ ಇನ್ನೂ ಕುಸಿಯಿತು. ಕರಗಿದ್ದ ಕರ್ಕ್ಯುಮಿನ್ ಹೊರಬಿತ್ತು. ಅರಿಶಿನದಲ್ಲಿ ಸುಗಂಧ ತೈಲವೂ ಇದೆ, ಅದು ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದು ತೇಲಿತು. ನೀವು ಕಂಡ ಕದಡು ಈ ಎರಡರದ್ದು. ತಳದ ಗಸಿ ಬಹುತೇಕ ಗಂಜಿ, ಅಂದರೆ ಪಿಷ್ಟ. ಅರಿಶಿನದ ತೂಕದಲ್ಲಿ ಕರ್ಕ್ಯುಮಿನ್ ಇರುವುದು ಶೇ. 2ರಿಂದ 5 ಮಾತ್ರ, ದೊಡ್ಡ ಪಾಲು ಪಿಷ್ಟವೇ. ನುಣ್ಣನೆ ಪುಡಿ ಹಾಕಿದ್ದರಿಂದ ಅದು ಸೋಸುವ ಬಟ್ಟೆಯ ಕಣ್ಣಿನಿಂದ ನುಸುಳಿ ಬಂತು. ಪುಡಿ ನುಣ್ಣಗಿದ್ದಷ್ಟೂ ಸಾರ ಬೇಗ ಇಳಿಯುತ್ತದೆ ಎಂಬುದು ಅರ್ಧ ಸತ್ಯ. ತೀರ ನುಣ್ಣಗಾದರೆ ತಳದಲ್ಲಿ ಗಟ್ಟಿ ಕೂತು ದ್ರವ ಒಳಗೆ ಹೋಗುವುದೇ ಇಲ್ಲ, ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ. ರವೆಯ ಹದ ಸಾಕು.

ಪರವಾನಗಿ ಇರುವ ತಯಾರಕರು ಮಾಡುವ ಕ್ರಮ ಹೀಗಿದೆ. ಮೂಲಿಕೆ ಒಣಗಿರಬೇಕು, ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಬಾರದು. ನಮ್ಮ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಬೇರೂ ಗಾಳಿಯ ತೇವ ಹೀರಿ ಬಾಗುತ್ತದೆ. ಬೂಷ್ಟು ಹಿಡಿದದ್ದನ್ನು ಒಣಗಿಸಿ ಬಳಸುವುದು ತಪ್ಪು, ಬೂಷ್ಟಿನ ವಿಷ ಮದ್ಯಸಾರಕ್ಕೂ ಇಳಿಯುತ್ತದೆ. ಸೌಮ್ಯ ಮೂಲಿಕೆಗೆ ಸಾಮಾನ್ಯವಾಗಿ 1:5ರ ಲೆಕ್ಕ, ಅಂದರೆ 100 ಗ್ರಾಂ ಮೂಲಿಕೆಗೆ 500 ಮಿ.ಲೀ. ಮದ್ಯಸಾರ. ಬೆಲ್ಲಡೋನ್ನದಂಥ ವಿಷದ ಮೂಲಿಕೆಗೆ 1:10. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಏಳು ದಿನ, ಆಗಾಗ ಕುಲುಕುತ್ತಾ. ಆಮೇಲೆ ಬಸಿದು, ಚರಟವನ್ನು ಒತ್ತಿ ಹಿಂಡಿ, ಎರಡೂ ದ್ರವ ಸೇರಿಸಿ, ಒಂದೆರಡು ದಿನ ತಿಳಿಯಾಗಲು ಬಿಟ್ಟು ಸೋಸುವುದು. ಹೀಗೆ ಮಾಡುವಾಗ ಕೊನೆಗೆ ಅಳತೆ ಕಡಿಮೆಯಾಯಿತೆಂದು ಹೊಸ ಮದ್ಯಸಾರ ತುಂಬಿಸುವುದಿಲ್ಲ. ಚರಟದೊಳಗೆ ಉಳಿದ ದ್ರವವೂ ಅಷ್ಟೇ ಸಾರದ್ದು. ಖಾಲಿ ಮದ್ಯಸಾರ ಸುರಿದರೆ ಹದ ಕೆಡುತ್ತದೆ. ಲೋಬಾನದಂಥ ರಾಳವಾದರೆ ಕ್ರಮ ಬೇರೆ. ಐದರಲ್ಲಿ ನಾಲ್ಕು ಪಾಲು ದ್ರವದಲ್ಲಿ ಕರಗಿಸಿ, ಹಿಂಡದೆ ಸೋಸಿ, ಆಮೇಲೆ ಅಳತೆ ತುಂಬಿಸುತ್ತಾರೆ. ಅಲ್ಲಿ ಉಳಿಯುವುದು ಬರೀ ಕಸ, ಸಾರವನ್ನು ಹಿಡಿದಿಡುವ ನಾರಿಲ್ಲ.

ಮದ್ಯಸಾರದ ಗಟ್ಟಿತನ ಮೂಲಿಕೆಯನ್ನು ನೋಡಿ. ಲೋಬಾನ, ಶುಂಠಿಯಂಥ ರಾಳ ಮತ್ತು ಎಣ್ಣೆಯ ಪದಾರ್ಥಕ್ಕೆ ಶೇ. 90, ಏಲಕ್ಕಿಗೆ 60, ಕಾಚಿನಂಥ ಟ್ಯಾನಿನ್ ಪದಾರ್ಥಕ್ಕೆ 45 ಸಾಕು. ಹದ ಮಾಡುವ ಲೆಕ್ಕ ಸುಲಭ. ಶೇ. 95ರ ಮದ್ಯಸಾರವಾದ ರೆಕ್ಟಿಫೈಡ್ ಸ್ಪಿರಿಟ್‌ನಿಂದ ಒಂದು ಲೀಟರ್ ಶೇ. 60ರದ್ದು ಬೇಕಾದರೆ 1000×60÷95, ಅಂದರೆ 632 ಮಿ.ಲೀ. ಸ್ಪಿರಿಟ್ ತೆಗೆದುಕೊಂಡು ನೀರಿನಿಂದ ಲೀಟರಿನ ಗೆರೆಯವರೆಗೆ ತುಂಬಿಸುವುದು. ‘368 ಮಿ.ಲೀ. ನೀರು ಅಳೆದು ಹಾಕಿದರಾಯಿತು’ ಎಂದುಕೊಳ್ಳುವವರೇ ಹೆಚ್ಚು. ನೀರು, ಮದ್ಯಸಾರ ಬೆರೆತಾಗ ಗಾತ್ರ ಕುಗ್ಗುತ್ತದೆ, ಬೆಚ್ಚಗೂ ಆಗುತ್ತದೆ. ತಣಿದ ಮೇಲೆ ನೋಡಿದರೆ ಲೀಟರು ತುಂಬಿರುವುದಿಲ್ಲ, ದ್ರವ ಲೆಕ್ಕಕ್ಕಿಂತ ಗಟ್ಟಿಯಾಗಿರುತ್ತದೆ. ಆದ್ದರಿಂದ ಮುಕ್ಕಾಲು ನೀರು ಹಾಕಿ, ತಣಿಯಲು ಬಿಟ್ಟು, ಆಮೇಲೆ ಗೆರೆ ಮುಟ್ಟಿಸಬೇಕು.

ಹಸಿ ಬೇರು ಹಾಕಿದರೆ ಇದೆಲ್ಲ ಲೆಕ್ಕ ತಲೆಕೆಳಗು. ಹಸಿಶುಂಠಿಯಲ್ಲಿ ಶೇ. 80ರಷ್ಟು ನೀರೇ. ನೂರು ಗ್ರಾಂ ಹಸಿಶುಂಠಿ ಶೇ. 60ರ 500 ಮಿ.ಲೀ. ಮದ್ಯಸಾರಕ್ಕೆ ಬಿದ್ದರೆ 80 ಮಿ.ಲೀ. ನೀರು ಹೆಚ್ಚಿದಂತೆ, ಹದ ಶೇ. 52ರ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಇಳಿಯುತ್ತಾ ಶೇ. 20ಕ್ಕಿಂತ ಕೆಳಗೆ ಹೋದರೆ ಬೂಷ್ಟು, ಹುಳಿ ಶುರುವಾಗುತ್ತದೆ.

ಮನೆಯಲ್ಲಿ ಇದನ್ನು ಮಾಡಿ ಎಂದು ಹೇಳುವುದಿಲ್ಲ, ಕಾರಣ ದ್ರಾವಕವೇ. ರೆಕ್ಟಿಫೈಡ್ ಸ್ಪಿರಿಟ್ ಅಬಕಾರಿ ಪರವಾನಗಿಯಿಲ್ಲದೆ ಸಿಗುವುದಿಲ್ಲ. ಮಾರಾಟಕ್ಕೆ ಔಷಧ ಮಾಡಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಲೈಸೆನ್ಸ್ ಬೇಕು. ಸಿಗುವುದಿಲ್ಲವೆಂದು ಪಾಲಿಶ್ ಅಂಗಡಿಯ ಸ್ಪಿರಿಟ್, ಅಥವಾ ಇಂಜೆಕ್ಷನ್ ಮೊದಲು ಚರ್ಮ ಒರೆಸುವ ಸ್ಪಿರಿಟ್ ತರುವವರಿದ್ದಾರೆ. ಕುಡಿಯಬಾರದೆಂದೇ ಅಂಥವುಗಳಿಗೆ ಮೆಥನಾಲ್ ಮೊದಲಾದ ವಸ್ತುಗಳನ್ನು ಬೆರೆಸಿರಬಹುದು. ಮೆಥನಾಲ್ ಕಣ್ಣನ್ನೂ ಜೀವವನ್ನೂ ತೆಗೆಯುತ್ತದೆ. ದ್ರಾವಕದ ವಿಷಯದಲ್ಲಿ ಔಷಧ ಕಂಪನಿಯೇ ಎಡವಿದ ಉದಾಹರಣೆಯಿದೆ. ಮೇಲೆ ಹೇಳಿದ ಸಲ್ಫನಿಲಮೈಡನ್ನು 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ರುಚಿ ಕೊಟ್ಟು ‘ಎಲಿಕ್ಸಿರ್’ ಎಂದು ಮಾರಿದರು. ಮದ್ದು ಒಳ್ಳೆಯದೇ, ಕರಗಿಸಿದ ದ್ರವ ವಿಷ. ನೂರಕ್ಕೂ ಹೆಚ್ಚು ಜನ, ಅದರಲ್ಲೂ ಅನೇಕ ಮಕ್ಕಳು, ಸತ್ತರು. ಅಲ್ಲಿನ 1938ರ ಔಷಧ ಕಾಯ್ದೆ ಬಂದದ್ದು ಈ ಘಟನೆಯಿಂದ.

ಅರಿಶಿನಕ್ಕಂತೂ ಟಿಂಕ್ಚರ್‌ನ ಅಗತ್ಯವೇ ಕಡಿಮೆ. ಕರ್ಕ್ಯುಮಿನ್ ಕೊಬ್ಬಿನಲ್ಲೂ ಕರಗುತ್ತದೆ. ಗಟ್ಟಿ ಹಾಲು, ತುಪ್ಪ ಅದಕ್ಕೆ ಸಾಕು. ಕಾಳುಮೆಣಸು ಹಾಕುವ ರೂಢಿಗೂ ಆಧಾರವಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನನ್ನು 20 ಮಿ.ಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 2000ದಷ್ಟು ಹೆಚ್ಚಿದ್ದನ್ನು ಕಂಡರು. ಹೆಚ್ಚು ಹೀರಿಕೆಯಾಗುವುದು ಎಲ್ಲರಿಗೂ ಒಳ್ಳೆಯದೆಂದು ತಿಳಿಯಬಾರದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಅಡುಗೆಯ ಪ್ರಮಾಣ ಮೀರುವ ಮೊದಲು ವೈದ್ಯರನ್ನು ಕೇಳಬೇಕು. ಕರಗುವ ವಿಷಯದಲ್ಲಿ ಅರಿಶಿನಕ್ಕೆ ತದ್ವಿರುದ್ಧ ನಮ್ಮ ಮುರುಗಲು (ಕೋಕಂ). ಅದರ ಸಿಪ್ಪೆಯ ಕೆಂಪು ನೀರಿನಲ್ಲೇ ಪೂರ್ತಿ ಇಳಿಯುತ್ತದೆ, ಮದ್ಯಸಾರ ಹಾಕುವುದು ದಂಡ.

ಕೊನೆಗೆ ಪಂಚೆ. ಸೋಪು ಕ್ಷಾರ. ಕರ್ಕ್ಯುಮಿನ್ ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಆಗುವುದು ಇದೇ. ಬಣ್ಣಗಾರರು ಮದ್ಯಸಾರದಲ್ಲಿ ಬಟ್ಟೆ ಅದ್ದುವುದಿಲ್ಲ. ದುಡ್ಡು ದಂಡ, ಬೇಗ ಆರಿ ಬಣ್ಣ ನೂಲಿನ ಮೇಲ್ಮೈಯಲ್ಲೇ ಪುಡಿಯಾಗಿ ಉಳಿಯುತ್ತದೆ, ಕಲೆ ಕಲೆಯಾಗುತ್ತದೆ. ಅರಿಶಿನ ಬಿಸಿನೀರಿನಲ್ಲಿ ಪೂರ್ತಿ ಕರಗದಿದ್ದರೂ ಅಡ್ಡಿಯಿಲ್ಲ. ಕರಗಿದ ಅಲ್ಪವನ್ನು ನೂಲು ಹೀರಿದಂತೆ ಇನ್ನಷ್ಟು ಕರಗುತ್ತಾ ಹೋಗುತ್ತದೆ.

ನೂರು ಗ್ರಾಂ ಹತ್ತಿ ಬಟ್ಟೆಗೆ ಲೆಕ್ಕ ಹೇಳುತ್ತೇನೆ, ನಿಮ್ಮ ಪಂಚೆಯನ್ನು ತೂಗಿ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ. ಹೊಸ ಬಟ್ಟೆಯ ಗಂಜಿ, ಮೇಣ ಹೋಗಲು 3 ಲೀಟರ್ ನೀರಿಗೆ 5 ಗ್ರಾಂ ವಾಷಿಂಗ್ ಸೋಡಾ ಹಾಕಿ ಮುಕ್ಕಾಲು ಗಂಟೆ ಕುದಿಸಿ, ಸೋಡಾ ಪೂರ್ತಿ ಹೋಗುವವರೆಗೆ ಜಾಲಿಸಿ. ಬೀಜ ತೆಗೆದ ಅಣಲೆಕಾಯಿಯ 20 ಗ್ರಾಂ ಪುಡಿಯನ್ನು 2 ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಬಟ್ಟೆಯನ್ನು ಎರಡು ಗಂಟೆ ಅದ್ದಿಡಿ. ಹಿಂಡಿ, ಜಾಲಿಸದೆ, ನೆರಳಿನಲ್ಲಿ ಒಣಗಿಸಿ. ಈ ಹೊತ್ತಿಗೇ ತಿಳಿಹಳದಿ ಬಂದಿರುತ್ತದೆ. ನಂತರ 20 ಗ್ರಾಂ ಸ್ಫಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, 2 ಲೀಟರ್ ಮಾಡಿ, ಅದರಲ್ಲಿ ಎರಡು ಗಂಟೆ. ಅಣಲೆಯ ಟ್ಯಾನಿನ್ ನೂಲಿಗೆ, ಸ್ಫಟಿಕದ ಅಲ್ಯೂಮಿನಿಯಂ ಟ್ಯಾನಿನ್ನಿಗೆ, ಬಣ್ಣ ಅಲ್ಯೂಮಿನಿಯಂಗೆ ಕಚ್ಚಿಕೊಳ್ಳುತ್ತದೆ. ಈ ಕ್ರಮ ಹಿಂದುಮುಂದಾದರೆ ಹಿಡಿತ ಸಡಿಲ. ಕೊನೆಗೆ 40 ಗ್ರಾಂ ಅರಿಶಿನ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ 3 ಲೀಟರ್ ನೀರಿನಲ್ಲಿ ಅರ್ಧ ಗಂಟೆ ಸಣ್ಣಗೆ ಕುದಿಸಿ. ಪಂಚೆಯನ್ನು ಒದ್ದೆ ಮಾಡಿಯೇ ಇಳಿಸಿ. ಒಣ ಬಟ್ಟೆ ಇಳಿಸಿದರೆ ಮೊದಲು ತಾಗಿದಲ್ಲಿ ಪಟ್ಟೆ ಮೂಡುತ್ತದೆ. ಕುದಿ ಬರದಂತೆ ಮುಕ್ಕಾಲು ಗಂಟೆ ತಿರುವುತ್ತಿರಿ, ಅದರಲ್ಲೇ ತಣಿಯಲಿ.

ಪಾತ್ರೆ ಸ್ಟೀಲಿನದು. ಕಬ್ಬಿಣದ ಬಾಣಲೆಯಾದರೆ ಅಣಲೆಯ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಮಸಿಯಾಗುತ್ತದೆ, ಹಳದಿ ಹೋಗಿ ಬೂದಿಹಸಿರು ಉಳಿಯುತ್ತದೆ. ಕಲಂಕಾರಿಯವರು ಕಪ್ಪು ಗೆರೆಗೆ ತುಕ್ಕು ಕಬ್ಬಿಣ ಮತ್ತು ಬೆಲ್ಲ ಕೊಳೆಸಿ ಬೇಕೆಂದೇ ಇದನ್ನು ಮಾಡುತ್ತಾರೆ. ಕೆಂಪುಕಲ್ಲಿನ ನೆಲದ ಬಾವಿಗಳಲ್ಲಿ ಕೆಲವೊಮ್ಮೆ ನೀರಿನಲ್ಲೇ ಕಬ್ಬಿಣ ಇರುತ್ತದೆ. ಒಂದು ಲೋಟಕ್ಕೆ ಚಿಟಿಕೆ ಅಣಲೆಪುಡಿ ಹಾಕಿ ಹತ್ತು ನಿಮಿಷ ಬಿಡಿ. ನೀರು ಕಪ್ಪಿಟ್ಟರೆ ಬಣ್ಣದ ಕೆಲಸಕ್ಕೆ ಮಳೆನೀರು ಹಿಡಿದುಕೊಳ್ಳುವುದು ವಾಸಿ.

ಇಷ್ಟೆಲ್ಲ ಮಾಡಿದರೂ ಅರಿಶಿನ ಬಿಸಿಲಿಗೆ ಮಾಸುವ ಬಣ್ಣವೇ, ಯಾವ ಸ್ಫಟಿಕವೂ ಅದನ್ನು ಪೂರ್ತಿ ತಡೆಯದು. ದಿನಾ ಉಡುವ ಬಟ್ಟೆಗೆ ಇದನ್ನು ಆರಿಸಬೇಡಿ. ನೆರಳಿನಲ್ಲಿ ಒಣಗಿಸಿ, ಸೋಪಿನ ಬದಲು ಅಂಟುವಾಳಕಾಯಿಯ ನೀರಿನಲ್ಲಿ ತೊಳೆಯಿರಿ. ಅದು ತುಸು ಹುಳಿ ಸ್ವಭಾವದ್ದು, ಹಳದಿಯನ್ನು ಕೆಡಿಸುವುದಿಲ್ಲ. ಈಗಾಗಲೇ ಕೆಂಪಾದ ಪಂಚೆ ಹಾಳಾಗಿಲ್ಲ. ಅರ್ಧ ಬಕೆಟ್ ನೀರಿಗೆ ಎರಡು ಲಿಂಬೆಹಣ್ಣು ಹಿಂಡಿ ಅದರಲ್ಲಿ ಜಾಲಿಸಿದರೆ ಹಳದಿ ಮರಳುತ್ತದೆ. ಹಳದಿಯೂ ಬೇಡ, ಬಿಳಿಯೇ ಬೇಕೆಂದಾದರೆ ಒದ್ದೆ ಪಂಚೆಯನ್ನು ನಾಲ್ಕಾರು ದಿನ ಒಳ್ಳೆಯ ಬಿಸಿಲಿಗೆ ಹಾಕಿ.